ಶಾಂಘೈನಲ್ಲಿ ಅಪ್ಪ ಕೊಡೆ ಬಿಚ್ಚಿದ್ದು

ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಬಡಾವಣೆಯಲ್ಲಿ ಅಂಚೆಪೆಟ್ಟಿಗೆಗಳ ಸಾಲಿನ ಪಕ್ಕ ಒಂದು ಪೊದೆಗಿಡವಿದೆ. ವರ್ಷದ ಹನ್ನೊಂದು ತಿಂಗಳು ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಸೆಪ್ಟೆಂಬರ್ ಕಳೆದು ಬಿಸಿಲು ಮೆತ್ತಗಾಗುವ ಹೊತ್ತಿಗೆ ಎಲೆಗಳ ಬುಡದಲ್ಲಿ ಸಾಸಿವೆಗಿಂತ ತುಸು ದೊಡ್ಡ ಹೂ ಬಿಡುತ್ತದೆ. ಹೂ ಕಣ್ಣಿಗೆ ಬೀಳುವುದಿಲ್ಲ, ವಾಸನೆ ಮಾತ್ರ ಮೂರು ಮನೆ ಆಚೆಗೂ ಹೊಡೆಯುತ್ತದೆ. ಮಾಗಿದ ಏಲಕ್ಕಿ ಬಾಳೆಹಣ್ಣನ್ನು ಮಲ್ಲಿಗೆ ಬುಟ್ಟಿಯಲ್ಲಿ ಮರೆತುಬಿಟ್ಟಂಥ ವಾಸನೆ. ಇಲ್ಲಿನವರು ಅದನ್ನು ಟೀ ಆಲಿವ್ ಅನ್ನುತ್ತಾರೆ. ಮೊನ್ನೆ ಟಪಾಲು ತೆಗೆಯಲು ಹೋದವಳು ಅಲ್ಲೇ ನಿಂತು ಒಬ್ಬಳೇ ನಗುತ್ತಿದ್ದೆ. ನಾಯಿ ಹಿಡಿದು ಹೊರಟಿದ್ದ ಎದುರುಮನೆಯವರು, "ಎವ್ರಿಥಿಂಗ್ ಓಕೆ?" ಎಂದು ಕೇಳಿದರು. ಏನೆಂದು ಹೇಳುವುದು? ಇದೇ ಹೂವಿನ ವಾಸನೆ ತುಂಬಿದ್ದ ಒಂದು ಪಾರ್ಕಿನಲ್ಲಿ, ಶಾಂಘೈ ನಗರದ ನಟ್ಟನಡುವೆ, ನನ್ನಪ್ಪ ನನ್ನನ್ನು ಕೊಡೆಯ ಮೇಲೆ ಅಂಟಿಸಿಕೊಂಡು ನಿಂತಿದ್ದ ಎಂದು ಹೇಳಲೇ? "ಆಲ್ ಗುಡ್" ಎಂದು ಒಳಗೆ ಬಂದೆ.

ಅದು 2024ರ ಅಕ್ಟೋಬರ್. ನನಗೆ ಮೂವತ್ತೆಂಟು, ಅಪ್ಪನಿಗೆ ಎಪ್ಪತ್ತಮೂರು.

ಅಪ್ಪ ಮೈಸೂರಿನ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಅಮ್ಮ ತೀರಿಕೊಂಡ ಮೇಲೆ ಕ್ಯಾರಿಗೆ ಬಂದು ನನ್ನ ಜೊತೆಗಿದ್ದಾನೆ. ಇಲ್ಲಿ ಅಳೆಯಲು ಯಾರ ಜಮೀನೂ ಇಲ್ಲದ್ದರಿಂದ ನನಗೆ ಗಂಡು ಹುಡುಕುವುದನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡಿದ್ದ. ತಿಂಡಿಯಾದ ಮೇಲೆ ಸರಿಯಾಗಿ ಎಂಟು ಗಂಟೆಗೆ, ಇಲಾಖೆಗೆ ಹೋಗುತ್ತಿದ್ದ ಕಾಲದ ಹಾಗೆ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಡೈನಿಂಗ್ ಟೇಬಲ್ಲಿಗೆ ಕೂರುತ್ತಿದ್ದ. ಎದುರಿಗೆ ಅಮೆರಿಕದ ಭೂಪಟ. ಸಾಫ್ಟ್‌ವೇರ್ ಹುಡುಗರಿಗೆ ಪೆನ್ಸಿಲ್ಲಿನ ಚುಕ್ಕೆ, ಡಾಕ್ಟರುಗಳಿಗೆ ಚುಕ್ಕೆಯ ಸುತ್ತ ಒಂದು ಉಂಗುರ. ಚಳಿ ಜಾಸ್ತಿ ಎಂದು ಉತ್ತರದ ಐದಾರು ರಾಜ್ಯಗಳಿಗೆ ಅಡ್ಡಗೆರೆ ಎಳೆದಿದ್ದ. ನಾನು ಒಳಕೋಣೆಯಲ್ಲಿ ಕೂತು ಔಷಧಿ ಪರೀಕ್ಷೆಗಳ ಅಂಕಿಅಂಶ ನೋಡುವ ನನ್ನ ಆಫೀಸಿನ ಕೆಲಸ ಮಾಡುತ್ತಿದ್ದರೆ, ಹೊರಗೆ ಅಪ್ಪ ಡೆನ್ವರ್, ಡಾಲಸ್, ಡೆಟ್ರಾಯಿಟ್ ಎಂದು ಫೋನು ಹಚ್ಚಿರುತ್ತಿದ್ದ. ಮಧ್ಯಾಹ್ನ ಊಟಕ್ಕೆ ಇಬ್ಬರೂ ಸುಸ್ತಾಗಿ ಬಂದು ಕೂರುತ್ತಿದ್ದೆವು.

ಇದರಲ್ಲಿದ್ದ ತೊಡಕು ಒಂದೇ. ನನಗೆ ಮದುವೆ ಬೇಕಿರಲಿಲ್ಲ. ಹಳೆಯ ಪ್ರೇಮದ ಗಾಯ, ಗಂಡಸರ ಮೇಲೆ ಸಿಟ್ಟು, ಅಂಥದ್ದೇನೂ ಇಲ್ಲ. ನನ್ನ ಮನೆ, ನನ್ನ ಕೆಲಸ, ಶನಿವಾರದ ಬ್ಯಾಡ್ಮಿಂಟನ್, ಅಪ್ಪನ ಜೊತೆ ಜಗಳ ಇಷ್ಟರಲ್ಲೇ ನನಗೆ ಸುಖವಾಗಿತ್ತು. ಅದನ್ನು ಅಪ್ಪನಿಗೆ ಹೇಳುವುದಕ್ಕೆ ಮಾತ್ರ ಹನ್ನೊಂದು ವರ್ಷ ಬಾಯಿ ಬಂದಿರಲಿಲ್ಲ. ಆ ಭೂಪಟದ ಮುಂದೆ ಪೆನ್ಸಿಲ್ ಕೆತ್ತುತ್ತಾ ಕೂತ ಮುಖ ನೋಡಿದರೆ ಯಾರಿಗೆ ಬಾಯಿ ಬಂದೀತು?

ಹೀಗಿರುವಾಗ ಆಫೀಸಿನವರು ಐದು ದಿನದ ಮಟ್ಟಿಗೆ ನನ್ನನ್ನು ಶಾಂಘೈಗೆ ಕಳಿಸುತ್ತೇವೆಂದರು. ಅಪ್ಪನೂ ಬರುತ್ತೇನೆಂದ. ಚೀನಾ ವೀಸಾಕ್ಕೆ ನಾವು ವಾಷಿಂಗ್ಟನ್‌ಗೇ ಹೋಗಬೇಕಿತ್ತು. ಕ್ಯಾರಿಯಿಂದ ನಾಲ್ಕೂವರೆ ಗಂಟೆ ಡ್ರೈವ್ ಮಾಡಿ, ವಾಷಿಂಗ್ಟನ್ ಪಕ್ಕದ ರೆಸ್ಟನ್‌ನಲ್ಲಿರುವ ಪದ್ಮತ್ತೆಯ ಮನೆಯಲ್ಲಿ ಉಳಿದೆವು. ಪದ್ಮತ್ತೆ ಎಂದರೆ ಅಪ್ಪನ ಚಿಕ್ಕಪ್ಪನ ಮಗಳು. ವೀಸಾ ಸಿಗುವುದಕ್ಕೆ ಮುಂಚೆ ಅಲ್ಲಿ ಸಿಕ್ಕಿದ್ದು ಅಟ್ಲಾಂಟಾದ ಡೆಂಟಿಸ್ಟು.

"ನಲವತ್ತೊಂದು ಆಯ್ತು, ಆದ್ರೆ ನೋಡಿದ್ರೆ ಹಾಗ್ ಕಾಣಲ್ಲ" ಎಂದಳು ಪದ್ಮತ್ತೆ, ಇಡ್ಲಿ ಬಡಿಸುತ್ತಾ. "ಇಲ್ಲೇ ಬೆಳೆದ ಹುಡುಗ. ಕನ್ನಡ ಮಾತಾಡ್ತಾನೆ, ಸ್ವಲ್ಪ ಗಮನ ಇಟ್ಟು ಕೇಳಿದ್ರೆ ಅರ್ಥ ಆಗುತ್ತೆ. ತಾಯಿ ಇಂದಿರಮ್ಮ ಅಂತ, ಚಿನ್ನದಂಥ ಹೆಂಗಸು."

ಅಪ್ಪ ಆ ಕ್ಷಣವೇ ಇಂದಿರಮ್ಮನವರಿಗೆ ಫೋನು ಮಾಡಿದ. ನಾನು ಎರಡನೇ ಇಡ್ಲಿ ಮುಗಿಸುವಷ್ಟರಲ್ಲಿ, ನಾವು ಶಾಂಘೈನಿಂದ ಬಂದ ಮುಂದಿನ ಶನಿವಾರವೇ ಅವರು ಕ್ಯಾರಿಗೆ ಊಟಕ್ಕೆ ಬರುವುದೆಂದು ನಿಶ್ಚಯವಾಗಿಹೋಗಿತ್ತು. ತಾಯಿ, ಮಗ, ಸೋದರಮಾವ ಆರು ಗಂಟೆ ಕಾರಿನಲ್ಲಿ ಬರುವವರು. ಅಷ್ಟು ದೂರದಿಂದ ಬಂದು, ಒಬ್ಬಟ್ಟು ತಿಂದು, ತಾಂಬೂಲ ತೆಗೆದುಕೊಂಡು ಹೋದವರಿಗೆ ಆಮೇಲೆ ಬೇಡ ಎನ್ನುವುದು ನಮ್ಮವರಲ್ಲಿ ಆಗುವ ಹೋಗುವ ಮಾತಲ್ಲ. ಹೇಳುವುದಿದ್ದರೆ ಅದಕ್ಕೆ ಮುಂಚೆಯೇ ಹೇಳಬೇಕು. ಐದು ದಿನ ಅಪ್ಪ ತನ್ನ ಭೂಪಟದಿಂದ ದೂರ ಇರುತ್ತಾನೆ, ಶಾಂಘೈನಲ್ಲಿ ಹೇಳಿಬಿಡುತ್ತೇನೆ ಎಂದು ವಾಪಸ್ಸು ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ.

ಮೊದಲ ಪ್ರಯತ್ನ ವಿಮಾನ ಇಳಿದ ಕೂಡಲೇ ಆಯಿತು. ಅಲ್ಲಿ ವಿಮಾನ ನಿಲ್ದಾಣದಿಂದ ಊರ ಕಡೆಗೆ ಹಳಿಗೆ ತಾಗದೆ ಓಡುವ ಒಂದು ರೈಲಿದೆ. ಒಳಗೆ ಖಾಲಿ, ತಣ್ಣಗಿತ್ತು, ಅಪ್ಪ ಕಿಟಕಿ ಪಕ್ಕ ಖುಷಿಯಲ್ಲಿ ಕೂತಿದ್ದ. ಇದೇ ಸಮಯ ಅನಿಸಿತು.

"ಅಪ್ಪಾ, ನಿಂಗೊಂದು ವಿಷಯ ಹೇಳ್ಬೇಕು."

"ಇರೇ, ಇನ್ನೂರ ತೊಂಬತ್ತು ಆಯ್ತು!" ಎಂದ ಅಪ್ಪ, ಬಾಗಿಲ ಮೇಲಿನ ವೇಗದ ಅಂಕಿ ನೋಡುತ್ತಾ. "ಈಗ ಮುನ್ನೂರು. ಹೇಳು, ಏನು?"

"ಈ ಅಟ್ಲಾಂಟಾದವರ ವಿಷಯ..."

ರೈಲು ನಿಂತಿತು. ಎಂಟು ನಿಮಿಷದ ಪ್ರಯಾಣವಂತೆ. ಹನ್ನೊಂದು ವರ್ಷದ ಮಾತನ್ನು ಎಂಟು ನಿಮಿಷದ ರೈಲಿನಲ್ಲಿ ಶುರು ಮಾಡಿದ್ದು ನನ್ನದೇ ತಪ್ಪು. ಅಪ್ಪ ಆಗಲೇ ಸೂಟ್‌ಕೇಸು ಹಿಡಿದು ಇಳಿದು, ಪ್ಲಾಟ್‌ಫಾರಮ್ಮಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆಯಲು ಹೊರಟಿದ್ದ.

ಎರಡನೆಯ ದಿನ ಸಂಜೆ ಗೋಪುರ. ನದಿಯ ಆಚೆ ದಡದಲ್ಲಿ ಒಂದಕ್ಕೊಂದು ಪೈಪೋಟಿಗೆ ಬಿದ್ದು ಮೋಡಕ್ಕೆ ತಲೆ ತೂರಿಸಿರುವ ಕಟ್ಟಡಗಳು. ಅವುಗಳಲ್ಲಿ ಒಂದರ ತುದಿಯಲ್ಲಿ ಗಾಜಿನ ನೆಲದ ಓಣಿಯಿದೆ, ಕಾಲ ಕೆಳಗೆ ನೇರವಾಗಿ ಊರು ಕಾಣುತ್ತದೆ. ಅಷ್ಟು ಎತ್ತರದಲ್ಲಿ ನಿಂತರೆ ಯಾವ ಸುದ್ದಿಯೂ ಸಣ್ಣದಾಗಿ ಕಂಡೀತು ಎಂಬುದು ನನ್ನ ಲೆಕ್ಕಾಚಾರ. ಓಣಿಯ ಅಂಚಿಗೆ ಬಂದ ಅಪ್ಪ ಬಗ್ಗಿ ಬೂಟು ಬಿಚ್ಚತೊಡಗಿದ.

"ಅಪ್ಪಾ, ಏನ್ ಮಾಡ್ತಿದ್ದೀಯ? ಇಲ್ಲಿ ಯಾರೂ ಬಿಚ್ಚಲ್ಲ."

"ಕೆಳಗೆ ನೋಡೇ, ಅಷ್ಟು ಜನ ಓಡಾಡ್ತಿದ್ದಾರೆ. ಅವರ ತಲೆ ಮೇಲೆ ಬೂಟು ಹಾಕ್ಕೊಂಡು ನಿಲ್ಲೋದಾ? ಥೂ."

ಬೂಟನ್ನು ಅಂಚಿನಲ್ಲೇ ಬಿಟ್ಟು, ಬಿಳಿ ಕಾಲುಚೀಲದಲ್ಲಿ, ಗರ್ಭಗುಡಿಗೆ ಹೋಗುವವನ ಗಾಂಭೀರ್ಯದಿಂದ ಅಪ್ಪ ಗಾಜಿನ ಮೇಲೆ ಹೆಜ್ಜೆಯಿಟ್ಟ. ಹಿಂದೆ ಹಳದಿ ಟೋಪಿ ಹಾಕಿದ್ದ ಪ್ರವಾಸಿಗಳ ತಂಡವೊಂದಿತ್ತು. ಯಾವುದೋ ದೂರದ ಪ್ರಾಂತದ ಅಜ್ಜ ಅಜ್ಜಿಯರು. ಅಪ್ಪನನ್ನು ನೋಡಿದರು, ತಮ್ಮ ತಮ್ಮಲ್ಲಿ ಏನೋ ಮಾತಾಡಿಕೊಂಡರು, ಇದೇ ನಿಯಮ ಇರಬೇಕೆಂದು ಒಬ್ಬೊಬ್ಬರೇ ಬೂಟು ಬಿಚ್ಚತೊಡಗಿದರು. ಐದು ನಿಮಿಷದಲ್ಲಿ ಓಣಿಯ ಬಾಯಲ್ಲಿ ಶ್ರಾದ್ಧದ ಮನೆಯ ಮುಂದೆ ಇರುವಷ್ಟು ಪಾದರಕ್ಷೆ. ಕಾವಲುಗಾರ ಓಡಿ ಬಂದು ಎರಡೂ ಕೈ ಬೀಸಿ ಏನೇನೋ ಕೂಗಿದ. ಅಜ್ಜಿಯೊಬ್ಬಳು ಅವನ ಬೂಟನ್ನೇ ಬೆರಳು ಮಾಡಿ ತೋರಿಸಿ ಗದರಿದಳು. ಆ ಗಲಾಟೆಯಲ್ಲಿ ನನ್ನ ಸುದ್ದಿಗೆ ಜಾಗವೆಲ್ಲಿ? ಅಪ್ಪನ ಇನ್ನೊಂದು ಬೂಟು ಹುಡುಕುವುದರಲ್ಲೇ ಸಂಜೆ ಕಳೆಯಿತು.

ಮೂರನೆಯ ದಿನ ಕೋಣೆಯಲ್ಲೇ ಹೇಳುವುದೆಂದುಕೊಂಡೆ. ಮಾತಿಗೆ ಮುಂಚೆ ಇಬ್ಬರಿಗೂ ಚಹಾ ಇರಲಿ ಎಂದು ಕೆಳಗೆ ಫೋನು ಮಾಡಿ ಎರಡು ಲೋಟ ತರಿಸಿದೆ. ಆ ಹೋಟೆಲಿನಲ್ಲಿ ಸಾಮಾನು ತಂದುಕೊಡುವುದು ಯಂತ್ರ. ಸೊಂಟದೆತ್ತರದ ಬಿಳಿ ಡಬ್ಬಿ, ಮುಖದಲ್ಲಿ ಎರಡು ನೀಲಿ ದೀಪದ ಕಣ್ಣು. ತಾನೇ ಲಿಫ್ಟು ಹತ್ತಿ ಬಂದು, ಬಾಗಿಲ ಮುಂದೆ ನಿಂತು ಫೋನು ಮಾಡಿ, ಹೊಟ್ಟೆ ತೆರೆದು ಸಾಮಾನು ಕೊಡುತ್ತದೆ. ಅಪ್ಪ ಲೋಟ ತೆಗೆದುಕೊಂಡ. ಅದು ಹೊಟ್ಟೆ ಮುಚ್ಚಿಕೊಳ್ಳುವಷ್ಟರಲ್ಲಿ "ಏ ಇರು ಇರು" ಎಂದು ಒಳಗೆ ಓಡಿ, ಕ್ಯಾರಿಯಿಂದ ತಂದಿದ್ದ ಕೋಡುಬಳೆಯ ಪೊಟ್ಟಣ ತಂದು, ನಾಲ್ಕು ಕೋಡುಬಳೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಅದರ ಹೊಟ್ಟೆಯಲ್ಲಿಟ್ಟ.

"ಅದು ಮೆಷಿನ್ ಅಪ್ಪಾ!"

"ಮೆಷಿನ್ನೇ ಇರ್ಲಿ. ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಿಸೋ ಮನೇನಾ ನಮ್ದು?"

ಹತ್ತು ನಿಮಿಷಕ್ಕೆ ಕೆಳಗಿನಿಂದ ಫೋನು ಬಂತು. ಅತಿಥಿಗಳು ಏನೋ ಮರೆತಿದ್ದಾರೆ, ವಾಪಸ್ಸು ಕಳಿಸುತ್ತಿದ್ದೇವೆ. ಡಬ್ಬಿ ಮತ್ತೆ ಬಂತು, ಹೊಟ್ಟೆಯಲ್ಲಿ ನಾಲ್ಕೂ ಕೋಡುಬಳೆ. ಅಪ್ಪನಿಗೆ ಅವಮಾನವಾಯಿತು. ಸಂಕೋಚ ಪಟ್ಟುಕೊಂಡಿರಬೇಕು ಎಂದು ತಾನೇ ಸಮಾಧಾನ ಮಾಡಿಕೊಂಡು, ಎಂಟು ಇಟ್ಟು ಕಳಿಸಿದ. ಮೂರನೆಯ ಸಲ ಬಂದಾಗ ಕೋಡುಬಳೆ ಇರಲಿಲ್ಲ. ಎರಡು ಕಿತ್ತಳೆ ಹಣ್ಣು ಮತ್ತು ಕೆಳಗಿನ ಹುಡುಗಿಯರು ನಗುಮುಖ ಬರೆದ ಒಂದು ಚೀಟಿ ಇತ್ತು. ಅಪ್ಪ ಆ ಸಂಜೆಯೆಲ್ಲ ಚೀನಾದವರು ಎಷ್ಟು ಸಂಭಾವಿತರು ಎಂದು ಹೇಳುತ್ತಲೇ ಇದ್ದ. ಚಹಾ ಆರಿತು. ನನ್ನ ಮಾತೂ ಆರಿತು.

ನಾಲ್ಕನೆಯ ದಿನ ಶನಿವಾರ. ಅಲ್ಲಿ ದೊಡ್ಡ ರಜೆಯಾದ ಮೇಲೆ ಅದರ ಬದಲಿಗೆ ಶನಿವಾರವೂ ಆಫೀಸಿದೆಯೆಂದು ನನಗೆ ಹೋಗಿಯೇ ಗೊತ್ತಾದದ್ದು. ಊಟ ಮುಗಿಸಿ ಮಲಗಿರು ಎಂದು ಅಪ್ಪನಿಗೆ ಹೇಳಿ ಹೋಗಿದ್ದೆ. ಮೂರು ಗಂಟೆಗೆ ವಾಪಸ್ಸು ಬಂದರೆ ಕೋಣೆ ಖಾಲಿ, ಮೇಜಿನ ಮೇಲೆ ಚೀಟಿ. "ಎದುರಿನ ಪಾರ್ಕಿನಲ್ಲಿದ್ದೇನೆ. ಗಾಬರಿ ಬೇಡ. ಕೊಡೆ ತೆಗೆದುಕೊಂಡಿದ್ದೇನೆ." ಹೊರಗೆ ಚುರುಕು ಬಿಸಿಲು, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ಕೊಡೆ ಯಾಕೆ?

ಪಾರ್ಕಿನ ಗೇಟಿನಲ್ಲೇ ಆ ಹೂವಿನ ವಾಸನೆ ಎದುರುಗೊಂಡಿತು. ಒಳಗೆ ಎಡಕ್ಕೆ ತಿರುಗಿದರೆ ಕಣ್ಣು ಹಾಯುವಷ್ಟೂ ಕೊಡೆಗಳು. ಕೆಂಪು, ನೀಲಿ, ಹೂವಿನ ಚಿತ್ರದವು, ಎಲ್ಲವನ್ನೂ ಬಿಚ್ಚಿ ನೆಲದ ಮೇಲೆ ಮಗ್ಗುಲಾಗಿ ಇಟ್ಟಿದ್ದಾರೆ. ಒಂದೊಂದರ ಮೇಲೂ ಒಂದು ಹಾಳೆ, ಹಿಂದೆ ಮಡಚುವ ಸ್ಟೂಲಿನ ಮೇಲೆ ಒಬ್ಬ ಅಜ್ಜನೋ ಅಜ್ಜಿಯೋ. ಒಂದು ಹಾಳೆಗೆ ಫೋನಿನ ಕ್ಯಾಮೆರಾ ಹಿಡಿದೆ. ಅಕ್ಷರಗಳು ಇಂಗ್ಲಿಷಿಗೆ ತಿರುಗಿದವು. ಹೆಣ್ಣು, ಇಂತಿಷ್ಟು ಎತ್ತರ, ಸ್ನಾತಕೋತ್ತರ ಪದವಿ, ಬ್ಯಾಂಕಿನಲ್ಲಿ ಕೆಲಸ, ಸ್ವಭಾವ ಮೃದು, ಸಿಗರೇಟು ಸೇದದ ವರ ಬೇಕು. ಪಕ್ಕದ ಹಾಳೆಯೂ ಅದೇ, ಅದರ ಪಕ್ಕದ್ದೂ ಅದೇ. ಇದು ಗಂಡು ಹೆಣ್ಣು ಕೂಡಿಸುವ ಸಂತೆ. ಇಂಥ ಜಾಗಕ್ಕೆ ನನ್ನಪ್ಪನನ್ನು ಒಬ್ಬನೇ ಬಿಟ್ಟು ಆಫೀಸಿಗೆ ಹೋಗಿದ್ದೆನಲ್ಲ!

ಹುಡುಕುವ ಕಷ್ಟವಾಗಲಿಲ್ಲ. ಅತಿ ಹೆಚ್ಚು ಜನ ಸೇರಿದ್ದ ಜಾಗದ ನಡುವೆ ಹೋಟೆಲಿನ ದೊಡ್ಡ ಕಪ್ಪು ಕೊಡೆಯಿತ್ತು, ಅದರ ಹಿಂದೆ ಇಸ್ತ್ರಿ ಷರಟಿನಲ್ಲಿ ಅಪ್ಪನಿದ್ದ. ಕೊಡೆಯ ಮೇಲೆ ಮುದ್ದಾದ ಚೀನೀ ಅಕ್ಷರಗಳಲ್ಲಿ ಬರೆದ ಒಂದು ಹಾಳೆ.

"ಬಾ ಬಾ ಸುಮಿ!" ಎಂದ, ನಾನು ಸಮಾರಂಭಕ್ಕೆ ತಡವಾಗಿ ಬಂದೆನೆಂಬಂತೆ. "ನಮ್ಮಲ್ಲಿ ವಧೂವರರ ಸಮಾವೇಶ ಮಾಡಲ್ವಾ, ಅದೇ ಕಣೇ ಇದು. ಕಿಟಕೀಲಿ ಈ ಕೊಡೆಗಳು ಕಂಡ್ವು, ನಾನೂ ಒಂದು ತಂದೆ. ಆದ್ರೆ ಇಲ್ಲಿ ವಾರಾ ವಾರಾ ಮಾಡ್ತಾರೆ. ಎಂಥಾ ಶಿಸ್ತು ನೋಡು. ಇವರು ಗು ಅಂತ. ಹಡಗು ಕಟ್ಟೋ ಕಡೆ ಡ್ರಾಯಿಂಗ್ ಸೆಕ್ಷನ್ನಲ್ಲಿದ್ದು ರಿಟೈರ್ ಆದೋರು. ಅಕ್ಷರ ಎಲ್ಲಾ ಇವರದೇ."

ಪಕ್ಕದ ಸ್ಟೂಲಿನಿಂದ ಎದ್ದು ಸಣ್ಣಗೆ ತಲೆ ಬಾಗಿಸಿದ ಗು ಅವರಿಗೂ ಅಪ್ಪನದೇ ವಯಸ್ಸು, ಕೈಯಲ್ಲಿ ಫ್ಲಾಸ್ಕು. ಇಬ್ಬರೂ ಅನುವಾದಿಸುವ ಫೋನನ್ನು ನಡುವೆ ಇಟ್ಟುಕೊಂಡು ಮಧ್ಯಾಹ್ನದಿಂದ ಹರಟಿದ್ದರು. ನಾನು ಹಾಳೆಗೆ ಕ್ಯಾಮೆರಾ ಹಿಡಿದು ಓದಿಕೊಂಡೆ. ಹೆಣ್ಣು, 1986ರಲ್ಲಿ ಜನನ, ಅಮೆರಿಕದಲ್ಲಿ ಕೆಲಸ, ಸ್ವಂತ ಮನೆ, ತಂದೆಯ ಜೊತೆ ವಾಸ, ಸಸ್ಯಾಹಾರಿ. ಸ್ವಭಾವ ಒಳ್ಳೆಯದು, ಆದರೆ ಬೆಳಿಗ್ಗೆ ಕಾಫಿಗೆ ಮುಂಚೆ ಮಾತಾಡಿಸಬಾರದು.

"ಅಪ್ಪಾ! ಅಟ್ಲಾಂಟಾದವರಿಗೆ ಬನ್ನಿ ಅಂದಿದ್ದೀಯ. ಇಲ್ಲಿ ಬಂದು ಇದೇನು?"

"ಸುಮ್ನೆ ಕಣೇ. ಎಲ್ಲರೂ ಇಟ್ಕೊಂಡಿದ್ದಾರೆ, ನಾನೊಬ್ಬ ಪೆದ್ದುಪೆದ್ದಾಗಿ ನಿಂತಿದ್ರೆ ಏನ್ ಚೆನ್ನಾಗಿರುತ್ತೆ? ಅದೂ ಅಲ್ದೆ ಒಂದು ಬ್ಯಾಕಪ್ ಇರ್ಲಿ ಅಂತ."

ಅಷ್ಟರಲ್ಲಿ ಜನಕ್ಕೆ ಗೊತ್ತಾಗಿಹೋಯಿತು, ಹಾಳೆಯ ಮೇಲಿನ ಹುಡುಗಿ ಇವಳೇ. ಗುಂಪಿನಲ್ಲಿ ಗದ್ದಲವೆದ್ದಿತು. ಆ ಸಂತೆಗೆ ತಂದೆತಾಯಿ ಮಾತ್ರ ಬರುತ್ತಾರೆ, ಮಕ್ಕಳು ಯಾವತ್ತೂ ಬರುವುದಿಲ್ಲವಂತೆ. ನೇರಳೆ ಕೋಟಿನ ಒಬ್ಬಾಕೆ ಬಂದು ನನ್ನ ಪಕ್ಕ ನಿಂತು, ಹಾಳೆಯಲ್ಲಿ ಬರೆದಷ್ಟು ಎತ್ತರ ಇದ್ದೇನೋ ಇಲ್ಲವೋ ಎಂದು ತನ್ನ ಭುಜಕ್ಕೆ ಅಳೆದು ನೋಡಿದಳು. ಇನ್ನೊಬ್ಬರು ಕನ್ನಡಕದ ಹಿಂದಿನಿಂದ ನನ್ನ ಕೂದಲು ಪರೀಕ್ಷಿಸಿ, ಬಣ್ಣ ಹಚ್ಚಿದ್ದಾ ಎಂದು ಫೋನಿನ ಮೂಲಕ ಕೇಳಿದರು. ಮೂರನೆಯವರಿಗೆ ನಾನು ಮಾಂಸ ತಿನ್ನದೆ ಹೇಗೆ ಇಷ್ಟು ಗುಂಡಗಿದ್ದೇನೆ ಎಂಬ ಕುತೂಹಲ. ಅಪ್ಪ ಎಲ್ಲರಿಗೂ ಕೈಯೆತ್ತಿ ಸಮಾಧಾನ ಹೇಳುತ್ತಾ, ಒಬ್ಬೊಬ್ಬರಾಗಿ ಕೇಳಿ ಎಂದು ಕನ್ನಡದಲ್ಲೇ ವ್ಯವಸ್ಥೆ ಮಾಡತೊಡಗಿದ. ನನಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೆ ಬಂದವು.

ಆಗ ಗು ಅವರು ತಮ್ಮ ಫೋನಿಗೆ ಮೆಲ್ಲಗೆ ಏನೋ ಹೇಳಿ ನನ್ನ ಕಡೆ ಹಿಡಿದರು. ಯಂತ್ರದ ಹೆಣ್ಣುದನಿ ಇಂಗ್ಲಿಷಿನಲ್ಲಿ ಹೇಳಿತು: ನನ್ನ ಮಗಳಿಗೆ ನಾನಿಲ್ಲಿ ಬರುವುದು ಗೊತ್ತಿಲ್ಲ. ನಾಲ್ಕು ವರ್ಷದಿಂದ ಬರುತ್ತಿದ್ದೇನೆ. ಗೊತ್ತಾದರೆ ಒಂದು ತಿಂಗಳು ಮಾತು ಬಿಡುತ್ತಾಳೆ. ಸುತ್ತಲಿದ್ದವರು ಹೌದು ಹೌದೆಂದು ನಕ್ಕರು. ಗು ನಗಲಿಲ್ಲ. ಮತ್ತೆ ಫೋನಿಗೆ ಹೇಳಿದರು. ಇಲ್ಲಿಗೆ ಬಂದ ಮಗಳು ನೀನೊಬ್ಬಳೇ. ಅದಕ್ಕೇ ನಿನ್ನನ್ನು ಕೇಳುತ್ತೇನೆ. ನಿನಗೆ ಮದುವೆ ಬೇಕೇನಮ್ಮ?

ಮೂವತ್ತೆಂಟು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಎಂಥ ಹುಡುಗ ಬೇಕು, ಯಾವಾಗ ಆಗುತ್ತೀ, ಇನ್ನೂ ಯಾಕೆ ಆಗಿಲ್ಲ, ಇವನ್ನೆಲ್ಲ ಕೇಳಿದವರು ಕ್ಯಾರಿಯಿಂದ ಮೈಸೂರಿನವರೆಗೆ ಇದ್ದಾರೆ. ಗು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದುಕೊಂಡು ಕಾಯುತ್ತಿದ್ದರು. ಆ ಯಂತ್ರಕ್ಕೆ ಉದ್ದುದ್ದ ವಾಕ್ಯ ಆಗುವುದಿಲ್ಲ, ಚಿಕ್ಕದಾಗಿ ಹೇಳಬೇಕು. ಅದೇ ನನಗೆ ಅನುಕೂಲವಾಯಿತು.

"ನೋ, ಅಂಕಲ್" ಎಂದೆ ಇಂಗ್ಲಿಷಿನಲ್ಲಿ. ಬೀಪ್ ಎಂದಿತು. "ನನಗೆ ಮದುವೆ ಬೇಡ." ಬೀಪ್. "ಯಾರ ಮೇಲೂ ಕೋಪವಿಲ್ಲ. ನಾನು ಇರುವ ಹಾಗೆ ಸುಖವಾಗಿದ್ದೇನೆ." ಬೀಪ್. "ಅಪ್ಪನಿಗೆ ಹೇಳಲು ಹೆದರಿಕೆ." ಬೀಪ್.

ಯಂತ್ರ ಅದನ್ನೆಲ್ಲ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡವೆಂದು ಸಾರುವ ಹಾಗೆ ಚೀನೀ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿತು. ಅಪ್ಪನಿಗೆ ಚೀನೀ ಬರುವುದಿಲ್ಲ, ಇಂಗ್ಲಿಷು ಚೆನ್ನಾಗಿ ಬರುತ್ತದೆ. ನಾನು ಅವನ ಕಡೆ ನೋಡಲಿಲ್ಲ.

ಗು ಕೇಳಿದರು. ಹೆದರಿಕೆ ಯಾಕೆ? ಅವರು ಹೊಡೆಯುವವರ ಹಾಗೆ ಕಾಣುವುದಿಲ್ಲ.

"ನನಗೆ ಗಂಡು ಹುಡುಕುವುದೇ ಅವನ ಕೆಲಸ" ಎಂದೆ. "ಬಹಳ ಶ್ರದ್ಧೆಯಿಂದ ಮಾಡುತ್ತಾನೆ. ಅದನ್ನು ಕಿತ್ತುಕೊಂಡರೆ ಅವನು ಬೆಳಿಗ್ಗೆ ಎದ್ದು ಏನು ಮಾಡಬೇಕು?"

ಇದು ಚೀನೀ ಭಾಷೆಗೆ ತಿರುಗಿದ ಮೇಲೆ ಕೊಡೆಗಳ ಹಿಂದಿನಿಂದ ಒಂದು ನಿಟ್ಟುಸಿರು ಎದ್ದಿತು. ನೇರಳೆ ಕೋಟಿನಾಕೆ ನನ್ನ ಬೆನ್ನ ಮೇಲೆ ಎರಡು ಸಲ ತಟ್ಟಿ, ತಿರುಗಿ ನೋಡದೆ ತನ್ನ ಕೊಡೆಯತ್ತ ನಡೆದಳು. ಅಪ್ಪ ಬಗ್ಗಿ ಕೊಡೆಯ ಮೇಲಿನ ಹಾಳೆಯನ್ನು ಹರಿಯದಂತೆ ಬಿಡಿಸಿದ, ನಕ್ಷೆ ಮಡಚುವ ಕ್ರಮದಲ್ಲಿ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ, ಕೊಡೆ ಮುಚ್ಚಿದ. ಗು ಅವರ ಎರಡೂ ಕೈ ಹಿಡಿದು ನಮಸ್ಕಾರ ಹೇಳಿದ. ಗು ತಮ್ಮ ಕೊಡೆಯನ್ನು ಮಾತ್ರ ಬಿಚ್ಚಿದ ಹಾಗೇ ಇಟ್ಟುಕೊಂಡರು. ಕೇಳೋಣವೆಂದರೆ ಅವರ ಮಗಳು ಅಲ್ಲಿರಲಿಲ್ಲವಲ್ಲ.

"ನಡಿ, ಹಸಿವಾಗ್ತಿದೆ" ಎಂದ ಅಪ್ಪ.

ದೇವಸ್ಥಾನವೊಂದರ ಪಕ್ಕ ಸಸ್ಯಾಹಾರಿ ನೂಡಲ್ಸ್ ಅಂಗಡಿಯಿತ್ತು. ಎದುರುಬದುರು ಕೂತೆವು. ಅಪ್ಪ ಇಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ನಾನು ಅಮ್ಮ ಹೋದಾಗ ಬಿಟ್ಟರೆ ಇನ್ನೊಮ್ಮೆ ನೋಡಿರಲಿಲ್ಲ. ನನಗೆ ಭಯವಾಯಿತು. ಅವನು ಕಡ್ಡಿಯಲ್ಲಿ ಒಂದೇ ಎಳೆಯನ್ನು ಎತ್ತುತ್ತಾ ಬೀಳಿಸುತ್ತಾ ಇದ್ದ. ಕೊನೆಗೆ ಕಡ್ಡಿ ಕೆಳಗಿಟ್ಟ.

"ಹನ್ನೊಂದು ವರ್ಷ. ಒಂದು ಸಲ ಹೇಳೋಕ್ ಆಗ್ಲಿಲ್ವಾ ನಿಂಗೆ?"

"ಒಂದು ಸಲ ಕೇಳೋಕ್ ಆಗ್ಲಿಲ್ವಾ ನಿಂಗೆ?" ಎಂದೆ. ಹೇಳಿದ ಮೇಲೆ ತೀರಾ ಒರಟಾಯಿತು ಅನಿಸಿತು.

ಅಪ್ಪ ಯೋಚನೆ ಮಾಡಿದ. "ಕೇಳೋದು ಅಂತ ಒಂದಿದೆ ಅಂತ ಹೊಳೀಲೇ ಇಲ್ಲ ಕಣೇ. ನನ್ನ ಕಾಲದಲ್ಲಿ ನನ್ನೂ ಯಾರೂ ಕೇಳ್ಲಿಲ್ಲ. ನಿಮ್ಮಮ್ಮನ್ನೂ ಯಾರೂ ಕೇಳ್ಲಿಲ್ಲ." ಬಟ್ಟಲನ್ನು ಪಕ್ಕಕ್ಕೆ ಸರಿಸಿ ಹೇಳಿದ, "ನಾಳೆ ನಾನು ಇರಲ್ಲ. ಆಗ ನಿಂಗ್ಯಾರು?"

"ಗೊತ್ತಿಲ್ಲ ಅಪ್ಪಾ. ಈಗಂತೂ ನೀನಿದ್ದೀಯ."

"ಅದು ಉತ್ತರ ಅಲ್ಲ."

"ಅಲ್ಲ" ಎಂದು ಒಪ್ಪಿಕೊಂಡೆ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅವನ ಕಣ್ಣಲ್ಲೂ ಇತ್ತು, ಆದರೆ ಅವನು ಅದನ್ನು ಮೆಣಸಿನಕಾಯಿ ಎಣ್ಣೆಯ ಮೇಲೆ ಹೊರಿಸಿದ. ಆಮೇಲೆ ಕಡ್ಡಿಗಳ ಸಹವಾಸ ಸಾಕೆಂದು ಚಮಚ ಕೇಳಿ ಪಡೆದು, ಬಟ್ಟಲು ಖಾಲಿ ಮಾಡಿದ. ಇಬ್ಬರೂ ಹೋಟೆಲಿಗೆ ನಡೆದೇ ಬಂದೆವು.

ಸಂಜೆ ಎಂಟಕ್ಕೆ, ಅಟ್ಲಾಂಟಾದಲ್ಲಿ ಬೆಳಿಗ್ಗೆ ಎಂಟಾಗಿರುತ್ತದೆಂದು ಬೆರಳು ಮಡಚಿ ಎಣಿಸಿ, ಅಪ್ಪ ಇಂದಿರಮ್ಮನವರಿಗೆ ಫೋನು ಮಾಡಿದ. ಸ್ಪೀಕರ್ ಹಾಕಿ ಮಂಚದ ಮೇಲಿಟ್ಟ. ನಾನು ಕಿಟಕಿಗೆ ಒರಗಿ ನಿಂತೆ. ನಮ್ಮವರಲ್ಲಿ ಸಂಬಂಧ ಬೇಡವೆನ್ನುವುದಕ್ಕೆ ಒಂದು ದಾರಿಯಿದೆ, ಎಲ್ಲರೂ ಬಲ್ಲದ್ದು. ಜಾತಕ ಕೂಡಿಬರಲಿಲ್ಲ ಎಂದರೆ ಮುಗಿಯಿತು. ಯಾರ ಮರ್ಯಾದೆಯೂ ಹೋಗುವುದಿಲ್ಲ, ತಪ್ಪೆಲ್ಲ ಗ್ರಹಗಳದ್ದು. ಅಪ್ಪನೂ ಅದನ್ನೇ ಹೇಳುತ್ತಾನೆಂದು ನಾನು ಕಾದಿದ್ದೆ. ಅಷ್ಟಾದರೂ ಸಾಕೆನಿಸಿತ್ತು.

"ಇಂದಿರಮ್ಮನೋರೇ, ಶನಿವಾರದ ವಿಷಯ. ದಯವಿಟ್ಟು ತಪ್ಪು ತಿಳೀಬೇಡಿ, ಈ ಸಂಬಂಧ ನಾವು ಮುಂದುವರಿಸಲ್ಲ."

"ಅಯ್ಯೋ, ಯಾಕೆ ರಾಯರೇ? ಜಾತಕದಲ್ಲಿ ಏನಾದ್ರೂ..."

"ಜಾತಕ ಬಹಳ ಚೆನ್ನಾಗಿ ಕೂಡುತ್ತೆ. ಇಷ್ಟು ಚೆನ್ನಾಗಿ ಕೂಡೋದು ನಾನು ನೋಡೇ ಇಲ್ಲ." ಅಪ್ಪ ಒಂದು ಸಲ ನನ್ನ ಕಡೆ ನೋಡಿದ. "ಇವತ್ತು ನಮ್ಮ ಹುಡುಗೀನ ಕೇಳಿದ್ವಿ. ಅವಳು ಮದುವೆ ಬೇಡ ಅಂದ್ಲು. ಅಷ್ಟೇ ಕಾರಣ."

ಆ ಕಡೆ ಪಾತ್ರೆ ಇಟ್ಟ ಸಪ್ಪಳ, ಯಾರೋ ಏನೋ ಕೇಳಿದ್ದು, ಇಂದಿರಮ್ಮ ಅದನ್ನೇ ಮೆಲ್ಲಗೆ ಹೇಳಿದ್ದು ಕೇಳಿಸಿತು. ಆಮೇಲೆ ಒಂದು ಗಂಡುದನಿ ಫೋನಿಗೆ ಬಂತು, ಕನ್ನಡವನ್ನು ಒಂದೊಂದೇ ಅಕ್ಷರವಾಗಿ ಪೋಣಿಸುತ್ತಾ.

"ಅಂಕಲ್, ನಾನು... ಹುಡುಗ. ತುಂಬಾ ಥ್ಯಾಂಕ್ಸ್ ಅಂಕಲ್. ಐ ಮೀನ್, ನಂಗೂ ಬೇಡ ಇತ್ತು. ನನ್ನನ್ನ ಯಾರೂ ಕೇಳ್ಲಿಲ್ಲ. ರಿಯಲಿ, ಥ್ಯಾಂಕ್ ಯು ಸೋ ಮಚ್."

ನಾನು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದೆ. ಅಪ್ಪ ಸೌಜನ್ಯದಿಂದ ಎರಡು ಮಾತಾಡಿ, ಒಳ್ಳೆಯದಾಗಲಿ ಎಂದು ಹರಸಿ, ಫೋನು ಇಟ್ಟ. ಇದ್ದಕ್ಕಿದ್ದಂತೆ ಅವನ ಮುಖ ಕೆಂಪಗಾಯಿತು.

"ಥ್ಯಾಂಕ್ಸ್ ಅಂತೆ! ಏನ್ ಕೊಬ್ಬು ನೋಡು ಅವನಿಗೆ! ಹಲ್ಲು ಕೀ‌ಳೋನು! ನನ್ನ ಮಗಳಲ್ಲಿ ಏನ್ ಕಮ್ಮಿ ಆಗಿದೆ ಅಂತೆ, ಬೇಡ ಅನ್ನೋಕೆ?"

"ಅಪ್ಪಾ, ನಾವೇ ತಾನೇ ಮೊದಲು ಬೇಡ ಅಂದಿದ್ದು?"

"ನಾವು ಅನ್ನಬಹುದು. ಅವನ್ಯಾರು ಅನ್ನೋಕೆ?" ಎಂದು ಮಂಚದಿಂದ ಎದ್ದೇ ಬಿಟ್ಟ. ಆ ಕೋಪ ಕ್ಯಾರಿ ಪಕ್ಕದ ರಾಲಿಯಲ್ಲಿ ವಿಮಾನ ಇಳಿಯುವವರೆಗೂ ಇಳಿಯಲಿಲ್ಲ.